ನಿಂಬೆವ್ವನ ಬಾವಿಯೂ ಬಂಕಿನ ಟ್ಯಾಂಕೂ

ಆ ಮುಂಜಾನೆ ದಟ್ಟ ಮಂಜು. ಎಲೆಯೂ ಅಲುಗದಂತೆ ಗಾಳಿ ನಿಂತುಹೋಗಿತ್ತು. ಮಣ್ಣಿನಡಿ ನಾನು ನಡುಗುತ್ತಿದ್ದೆ.

ನಾನು ಒಂದು ಪೆಟ್ರೋಲ್ ಟ್ಯಾಂಕು. ಕಬ್ಬಿಣದ ಹಾಳೆ ಬಾಗಿಸಿ, ಬೆಸುಗೆ ಹಾಕಿ ನನ್ನನ್ನು ಮಾಡಿದರು. ಗದಗ ಸೀಮೆಯ ಹೆದ್ದಾರಿ ಬದಿ, ಒಂದು ಬಂಕಿನ ಅಂಗಳದಲ್ಲಿ ಹೂತರು. ಅಂದಿನಿಂದ ಮೇಲಿನ ಲೋಕವೆಲ್ಲ ನನಗೆ ಬರೀ ಸದ್ದು; ಉಳಿದದ್ದು ಜನರ ಮಾತಿನಿಂದ ತಿಳಿದದ್ದು.

ದಿನಾ ಬೆಳಿಗ್ಗೆ ಮ್ಯಾನೇಜರ್ ಫಕೀರಪ್ಪ ನನ್ನೊಳಗೆ ಅಳತೆಕೋಲು ಇಳಿಸುತ್ತಿದ್ದ. ಆಮೇಲೆ ಪಕ್ಕದ ಮನೆಯ ನಿಂಬೆವ್ವನ ಬಾವಿಯಿಂದ, ಅವಳದೇ ಹಿತ್ತಾಳೆ ಕೊಡದಲ್ಲಿ, ಕುಡಿಯುವ ನೀರು ತರುತ್ತಿದ್ದ. ಬರಿಗೊಡ ಮರಳಿಸಬಾರದೆಂದು ಒಂದು ಹೂವಾದರೂ ಹಾಕಿ ಕೊಡುತ್ತಿದ್ದ.

ವರ್ಷಗಳು ಕಳೆದು ನನ್ನ ತಳಕ್ಕೆ ತುಕ್ಕು ಹಿಡಿಯಿತು. ಕೋಲು ದಿನವೂ ಕೊಂಚ ಕಡಿಮೆ ತೋರಿಸಿತು.

"ಬಿಸಲು ನೋಡ್ರಿ, ಆವಿ ಆಗಿ ಹೋಗೇತಿ," ಎಂದ ಫಕೀರಪ್ಪ. ಮಳೆಗಾಲದಲ್ಲೂ ಅದನ್ನೇ ಅಂದ! ಸೋರುತ್ತಿದ್ದೇನೆಂದು ಕೂಗಲು ನನಗೆ ಬಾಯೆಲ್ಲಿ?

ಬೇರೆ ಕಡೆ ಹೊಸ ರಸ್ತೆಯಾಗಿ ಬಂಕು ಮುಚ್ಚಿತು. ನನ್ನ ತಳದಲ್ಲಿ ಉಳಿದ ಪೆಟ್ರೋಲನ್ನು ಯಾರೂ ತೆಗೆಯಲಿಲ್ಲ. ಕಾವಲಿಗೆ ಫಕೀರಪ್ಪನೊಬ್ಬ ಬರುತ್ತಿದ್ದ. ಮಂಜಿನ ಆ ದಿನದ ಹಿಂದಿನ ರಾತ್ರಿ ನನ್ನ ಬೆಸುಗೆ ಬಿಟ್ಟು, ಉಳಿದದ್ದೆಲ್ಲ ಬಾವಿಯ ಕಡೆ ಹರಿಯಿತು.

ಆ ಮುಂಜಾನೆಯೇ ನಿಂಬೆವ್ವನ ಬಾಣಂತಿ ಮಗಳು ಶಿವಲೀಲಾ ಬಾವಿಕಟ್ಟೆಗೆ ಗಂಗವ್ವನ ಪೂಜೆಗೆ ಬಂದಳು. ಕೂಸು ಅಜ್ಜಿ ನಿಂಬೆವ್ವನ ತೋಳಲ್ಲಿತ್ತು. ಹೊತ್ತಿಸಿದ ದೀಪವನ್ನು ಬುಟ್ಟಿಯಲ್ಲಿಟ್ಟು ಬಾವಿಗಿಳಿಸುವುದು ಅವರ ಮನೆಯ ಪದ್ಧತಿ.

ದೇವರೇ, ಬೇಡ! ಬಾವಿಯ ತುಂಬ ನನ್ನ ಕಣ್ಣಿಗೆ ಕಾಣದ ಉಸಿರು, ಪೆಟ್ರೋಲಿನ ಆವಿ, ನಿಂತಿದೆ. ಒಂದು ಕಿಡಿ ಸಾಕು.

"ಯವ್ವಾ, ನೀರು ಬಣ್ಣಬಣ್ಣ ಕಾಣತೈತಲ್ಲ!"

"ಗಂಗವ್ವ ಹೊಸ ಸೀರಿ ಉಟ್ಟಾಳವಾ. ಲಗೂನ ಇಳಸು."

ಕೊಡ ಹಿಡಿದು ಬಂದ ಫಕೀರಪ್ಪನಿಗೆ ವಾಸನೆ ಬಡಿಯಿತು. ಕೊಡ ಬಿಸಾಕಿ ಓಡಿದ. ಉರಿಯುವ ಬತ್ತಿಯನ್ನು ಅಂಗೈಯಲ್ಲೇ ಹೊಸಕಿದ.

"ಬಾಣಂತಿ ದೀಪ ಆರಿಸಿದೆಲ್ಲೋ, ನಿನ್ನ ಕೈ ಸೇದಿಹೋಗಲಿ!" ನಿಂಬೆವ್ವ ಶಪಿಸಿದಳು.

"ಸೀರಿ ಅಲ್ಲಬೇ ಯಕ್ಕಾ, ಪೆಟ್ರೋಲು. ಆವಿ ಆತು ಅಂತಿದ್ನೆಲ್ಲ, ಅದು ಇಲ್ಲಿಗೆ ಬಂದೈತಿ. ತಪ್ಪು ನಂದು."

ನಿಂಬೆವ್ವ ಕೂಸನ್ನು ಎದೆಗೊತ್ತಿಕೊಂಡು, ಮಗಳನ್ನೂ ಬಾವಿಯಿಂದ ದೂರ ಎಳೆದಳು.

ಈಗ ನನ್ನನ್ನು ಅಗೆದು ತೆಗೆದು ಬೇಲಿಬದಿ ಉರುಳಿಸಿದ್ದಾರೆ. ಬಿಸಿಲು ಕಂಡೆ, ಆದರೂ ಆ ಕೂಸಿನ ಅಳು ಕೇಳಿದರೆ ಇನ್ನೂ ನಡುಗುತ್ತೇನೆ. ಬಾವಿಗೆ ಮುಳ್ಳು ಮುಚ್ಚಿದ್ದಾರೆ. ಭೂಮಿತಾಯಿ ಎಷ್ಟು ಕಾಲಕ್ಕೆ ತೊಳೆದುಕೊಳ್ಳುತ್ತಾಳೋ, ಶಿವನೇ ಬಲ್ಲ.

ಇವತ್ತೂ ಫಕೀರಪ್ಪ ಊರ ನಲ್ಲಿಯಿಂದ ಸೈಕಲ್ ತಳ್ಳಿಕೊಂಡು ಬಂದ. ನಿಂಬೆವ್ವ ಇನ್ನೂ ಅವನೊಡನೆ ಮಾತಾಡುವುದಿಲ್ಲ. ನೆಗ್ಗಿದ ಅವಳ ಹಿತ್ತಾಳೆ ಕೊಡವನ್ನು, ಸುಟ್ಟ ಅಂಗೈಯಿಂದ, ಹೊಸ್ತಿಲ ಮೇಲೆ ಮೆಲ್ಲಗೆ ಇಟ್ಟ. ಕೊಡದಲ್ಲಿ ಹೂವಿರಲಿಲ್ಲ. ಕಂಠದವರೆಗೆ ನೀರಿತ್ತು.