ಓವನ್ನಿನಲ್ಲಿ ಕರಗಿದ ಡಬ್ಬಿಗಳು

ನೀಲಿ ಮುಚ್ಚಳ ಇದು, ಐಸ್‌ಕ್ರೀಮ್ ಡಬ್ಬಿಯದು, ಅರ್ಧ ಕರಗಿ ಓವನ್ನಿನ ಕಂಬಿಗೆ ಜೋತುಬಿದ್ದಿದೆ, ಚಾಕು ತೂರಿಸಿ ಮೀಟಿದರೆ ಎಳೆಎಳೆಯಾಗಿ ಬಂದು ನನ್ನ ಬೆರಳಿಗೇ ಅಂಟುತ್ತದೆ, ಹಾಳಾದ್ದು, ಇನ್ನೂ ಬೆಚ್ಚಗಿದೆ, ಸುಟ್ಟ ಪ್ಲಾಸ್ಟಿಕ್ಕಿನ ನಾತ ಬೇರೆ — ಹುಟ್ಟುಹಬ್ಬದ ದಿನ ಮಂಡಿಯೂರಿ ಓವನ್ನಿನೊಳಗೆ ತಲೆ ತೂರಿಸಿದ್ದೇನೆ, ಬೆಳಿಗ್ಗೆ ಇಗರ್ಜಿಯಲ್ಲಿ ಇಷ್ಟು ಹೊತ್ತು ಮಂಡಿಯೂರಿದ್ದರೆ ದೇವರು ಏನಾದರೂ ಕೊಟ್ಟಿರುತ್ತಿದ್ದ, ನಾನೋ ಪೂಜೆ ಮುಗಿಯುವ ಮೊದಲೇ ಎದ್ದು ಸೇವಿಗೆ ಕೊಳ್ಳಲು ಓಡಿದ್ದೆ, ಹುಟ್ಟಿದ ದಿನ ಉದ್ದ ಸೇವಿಗೆ ತಿನ್ನದಿದ್ದರೆ ಆಯಸ್ಸು ಹೇಗೆ ಉದ್ದವಾದೀತು, ವಾಪಸ್ಸು ಬಂದರೆ ಮನೆ ತುಂಬ ಕಪ್ಪು ಹೊಗೆ, ನಡುವೆ ನನ್ನ ಸೊಸೆ ಜೊನಾಲಿನ್, ಕೆಮ್ಮುತ್ತ, ಹಿಟ್ಟು ಮೆತ್ತಿದ ಎರಡೂ ಕೈ ಮೇಲೆತ್ತಿಕೊಂಡು, ಪೊಲೀಸರಿಗೆ ಸಿಕ್ಕಿಬಿದ್ದವಳ ಹಾಗೆ, ನನಗೆ ಹೇಳದೆ ನನ್ನದೇ ಹುಟ್ಟುಹಬ್ಬಕ್ಕೆ ಕೇಕ್ ಮಾಡಹೊರಟಿದ್ದಾಳೆ. ಆ ಎರಡು ಬಿಳಿ ಕೈ. ಅದನ್ನು ನೋಡಿಯೂ ನನ್ನ ಬಾಯಿಂದ ಮೊದಲು ಬಂದದ್ದೇನು, ಅಯ್ಯೋ ನನ್ ಡಬ್ಬಿಗಳು! ಸುಟ್ಟುಕೊಂಡೆಯಾ ಮಗು ಅಂತಲ್ಲ, ಡಬ್ಬಿಗಳು. ತಪ್ಪಾಯ್ತಮ್ಮ ಅಂದಳು, ಮೆಲ್ಲಗೆ, ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು, ಈಗ ಬಿದಿರಿನ ಗೋಡೆಯಾಚೆ ಚೀಲದ ಜಿಪ್ ಎಳೆಯುವ ಸದ್ದು ಕೇಳುತ್ತಿದೆ.

ಸಂಜೆಯ ದೋಣಿಗೆ ಹೊರಟಳೋ ಏನೋ, ಆಚೆ ದಡದ ಇಲೊಯಿಲೊಗೆ, ತಾಯಿಯ ಬೇಕರಿಗೆ — ಹೋಗಲಿ ನೋಡೋಣ, ಈ ಗಿಮಾರಾಸ್ ದ್ವೀಪ ಬಿಟ್ಟು ಓಡಬೇಕಾದರೂ ಗಂಡನ ದೋಣಿಯನ್ನೇ ಹತ್ತಬೇಕು, ಸಂಜೆಯ ಸರದಿ ನನ್ನ ಮಗ ಜೆರ್ವಿನ್‌ನದೇ, ಆ ಪೆದ್ದ ಒಂದು ಮಾತೂ ಕೇಳದೆ ಚೀಲ ಎತ್ತಿಟ್ಟು ಹೆಂಡತಿಯನ್ನು ದಾಟಿಸಿಯೇ ಬಿಡುತ್ತಾನೆ, ಥೇಟ್ ಅವನಪ್ಪನೇ, ಹೆಂಗಸರ ಕಣ್ಣಲ್ಲಿ ನೀರು ಕಂಡರೆ ಎಲ್ಲಕ್ಕೂ ಹೂಂ. ನಗು ಬರುತ್ತದೆ, ನಗಬಾರದು, ಆ ಹುಡುಗಿ ಹೋಗಿಬಿಟ್ಟರೆ ನನಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಬೇಲಿಯಾಚೆಯಿಂದ ಪಕ್ಕದ ಮನೆಯ ಬೆಬಿಂಗ್ ಕತ್ತು ಚಾಚಿದ್ದಾಳೆ, ಏನೇ ಸಾಲ್ವಿಂಗ್, ಏನ್ ಸುಡ್ತಿದೀಯೇ, ಸೊಸೇನಾ? ನಿನ್ ನಾಲಿಗೇನ ಸುಡ್ಬೇಕು, ಬಾ ಇಲ್ಲಿ, ಇನ್ನೂ ಕಾವಿದೆ! ಅಲ್ವೇ, ಓವನ್ನಿಗೆ ಯಾರಾದ್ರೂ ಬೆಂಕಿ ಹಚ್ತಾರೇನೇ? ಅನ್ನುತ್ತಾಳೆ ಬೆಬಿಂಗ್. ಹಚ್ಚುವುದಿಲ್ಲ, ನಮ್ಮ ಬೀದಿಯಲ್ಲಿ ಯಾರೂ ಹಚ್ಚುವುದಿಲ್ಲ, ಬೆಬಿಂಗಳ ಓವನ್ನಿನಲ್ಲಿ ಬಾಣಲೆಗಳಿವೆ, ಅವಳ ತಂಗಿಯದರಲ್ಲಿ ಅಕ್ಕಿ, ನಮಗೆ ಓವನ್ ಅಂದರೆ ಗ್ಯಾಸ್ ಒಲೆಯ ಜೊತೆ ಪುಕ್ಕಟೆ ಬಂದ ಬೀರು, ಇಲಿ ನುಗ್ಗದ ಬೀರು. ಬೇಕರಿಯವರ ಮಗಳಿಗೆ ಅದು ಹೇಗೆ ಗೊತ್ತಾಗಬೇಕು, ಅವರಲ್ಲಿ ಮೊದಲು ಓವನ್ ಕಾಯಿಸುತ್ತಾರೆ, ಆಮೇಲೆ ಹಿಟ್ಟು ಕಲಸುತ್ತಾರೆ, ಒಳಗೆ ಅತ್ತೆಯ ಸಂಸಾರವೇ ಇದೆಯೆಂದು ಬಾಗಿಲು ತೆರೆದು ನೋಡಲು ಯಾರಿಗೆ ಹೊಳೆಯುತ್ತದೆ.

ಇದು ಹಳದಿ, ಬೆಣ್ಣೆ ಡಬ್ಬಿ, ಇದರಲ್ಲಿ ಎಷ್ಟು ಮನೆಗೆ ಏನೇನು ಕಟ್ಟಿ ಕಳಿಸಿಲ್ಲ ನಾನು, ಉಂಡವರನ್ನು ಬರಿಗೈಲಿ ಕಳಿಸಿದರೆ ಅದೆಂಥ ಮನೆ, ತಗೊಂಡ್ಹೋಗಿ, ಆದ್ರೆ ಡಬ್ಬಿ ವಾಪಸ್ ತನ್ನಿ ಅಂತ ಗೇಟಿನವರೆಗೂ ಕೂಗುತ್ತಿದ್ದೆ, ಬೇಜಾರಿಲ್ಲ ಅಂದರೆ ಸುಳ್ಳು, ಆದರೆ ಐಸ್‌ಕ್ರೀಮ್ ತಿಂದರೆ ಡಬ್ಬಿ ಮತ್ತೆ ಬರುತ್ತದೆ, ಇಂಥ ಸೊಸೆ ಎಲ್ಲಿಂದ ಬರುತ್ತಾಳೆ — ಕೈ ತೊಳೆದಳೋ ಇಲ್ಲವೋ, ನಲ್ಲಿ ಇರುವುದು ಇಲ್ಲಿ, ಅವಳು ಈಚೆ ಬಂದೇ ಇಲ್ಲ, ಆ ಬಿಳಿ ಕೈಯಲ್ಲೇ ಬಟ್ಟೆ ತುಂಬಿರಬೇಕು. ಮದುವೆಯಾಗಿ ಬಂದಾಗಿನಿಂದ ಒಂದು ಮಾತು ಎದುರಾಡಿಲ್ಲ, ಒಣಮೀನು ಉಪ್ಪಾಯ್ತೇನೇ ಅಂದರೆ ಚೆನ್ನಾಗಿದೆ ಅಮ್ಮ, ನನ್ ಗೊರಕೇಲಿ ನಿದ್ದೆ ಬಂತಾ ಅಂದರೆ ಬಂತು ಅಮ್ಮ, ಸುಳ್ಳಿ, ಕಣ್ಣೆಲ್ಲ ಕೆಂಪು, ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ ನೆಂಟರ ಹಾಗೆ, ನೆಂಟರು ಇವತ್ತಲ್ಲ ನಾಳೆ ಹೊರಡುವವರೇ, ನನಗೆ ಇದ್ದ ಭಯ ಅದೊಂದೇ. ಬಾಗಿಲು ತಟ್ಟಿ ಏನು ಹೇಳಲಿ, ಕ್ಷಮಿಸು ಅನ್ನಲು ಈ ಬಾಯಿ ಕಲಿತಿಲ್ಲ, ಓವನ್ ತೊಳೆದಿಡುತ್ತೇನೆ, ಖಾಲಿ ಮಾಡಿ, ಹೊಳೆಯುವ ಹಾಗೆ, ನೋಡಲಿ ಅವಳು, ನೋಡಿದರೆ ತಿಳಿಯುತ್ತದೆ ಇದು ಇನ್ನು ಅವಳದೇ ಅಂತ, ಆದರೆ ಮೂಲೆಯ ಈ ಹಸಿರು ಮುದ್ದೆ ಜಪ್ಪಯ್ಯ ಅಂದರೂ ಏಳುತ್ತಿಲ್ಲ, ಸ್ವಲ್ಪ ಬಿಸಿ ಮಾಡಿದರೆ ಮೆತ್ತಗಾದೀತು, ಬೆಂಕಿಪೊಟ್ಟಣ ಎಲ್ಲಿ, ಇಲ್ಲಿದೆ, ಗೀರಿದೆ — ಚಿಲಕ ಧಡ್ ಅಂತು. ಅಮ್ಮಾ! ಹುಚ್ಚಾ ನಿಮ್ಗೆ? ಆರ್ಸಿ ಅದನ್ನ! ಬಿಸಿ ಮಾಡಿದ್ರೆ ಇನ್ನೂ ಕಚ್ಕೊಳತ್ತೆ, ಐಸ್ ಇಡ್ಬೇಕು, ಗಟ್ಟಿಯಾದ್ರೆ ಪಟ್ ಅಂತ ಬರತ್ತೆ, ಬೆಬಿಂಗತ್ತೆ, ಐಸ್ ಕೊಡಿ! ನೀವು ಏಳಿ ಮೇಲೆ, ಏಳಿ ಅಂದ್ನಲ್ಲ, ಓವನ್ನಲ್ಲಿ ಪ್ಲಾಸ್ಟಿಕ್ ಇಡ್ತಾರಾ ಯಾರಾದ್ರೂ, ಲೋಕದಲ್ಲಿ ಯಾರಾದ್ರೂ? ಎದ್ದೆ, ಕಡ್ಡಿ ಊದಿದೆ, ಶಾಲೆಯ ಹುಡುಗಿಯ ಹಾಗೆ ಗೋಡೆಗೆ ಒರಗಿ ನಿಂತೆ, ಮೂಗು ಕೆಂಪಗಾಗಿದೆ ಅವಳದು, ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದಾಳೆ, ನನ್ನ ಅಡುಗೆಮನೆಯಲ್ಲಿ ನನ್ನನ್ನೇ ಗದರುತ್ತ, ನಿಲ್ಲಿಸುವ ಹಾಗೆ ಕಾಣುವುದಿಲ್ಲ, ಬಯ್ಯಿ ಮಗಳೇ, ಇನ್ನೂ ಬಯ್ಯಿ, ಅವಳ ಕಪ್ಪು ಲಂಗದ ಮೇಲೆ ಹಿಟ್ಟಿನ ಐದು ಬೆರಳು, ಬಿಳೀ ಐದು ಬೆರಳು