ಟೀವಿಯ ಬೆನ್ನು

ದೊಡ್ಡಮ್ಮನವರು ನೋಡುತ್ತಿದ್ದ ಧಾರಾವಾಹಿಯಲ್ಲಿ ಸೊಸೆಯ ಮೂಗು ಜಾರಿ ಅತ್ತೆಯ ಗಲ್ಲದ ಮೇಲೆ ಹೋಗಿ ಕೂತದ್ದನ್ನು ಸಾಮಾನ್ಯ ಸಂಗತಿಯೆಂದು ಯಾರೂ ತಿಳಿಯಬಾರದು. ಅದರಿಂದ ಒಂದು ಮನೆ ನಡುಗಿತು, ಒಂದು ಇಲಾಖೆಯ ಮರ್ಯಾದೆ ತೂಗಾಡಿತು, ಒಬ್ಬ ಮನುಷ್ಯ ಗೋಡೆಗೂ ಟೀವಿಗೂ ನಡುವೆ ಸಿಕ್ಕಿಬಿದ್ದ.

"ಎಲ್ಲಿ ಸತ್ತಿದ್ಯೋ ಬೋಳಿಮಗನೆ? ಸಾಹೇಬ್ರು ಬರೋ ಹೊತ್ತಾಯ್ತು. ಇಲ್ಲಿ ನೋಡಿದ್ರೆ ಮುಖಗಳೆಲ್ಲ ಚೂರುಚೂರಾಗಿ ಉದುರ್ತಾ ಇವೆ," ಎಂದು ಯಜಮಾನರು ಕೂಗಿದರು.

ಎಲ್ಲರೂ ಕೊಕ್ಕೆ ಎಂದೇ ಕರೆಯುತ್ತಿದ್ದವನು ಕಂಬದಿಂದ ಇಳಿದು ನೇರವಾಗಿ ಓಡಿ ಬಂದಿದ್ದ. ಯಜಮಾನರ ಕೇಬಲ್ ಕಂಪನಿಯ ಲೈನಿನವನು ಅವನು. ಕಂಬ ಹತ್ತಿ ತಂತಿ ಎಳೆದೆಳೆದು ಬೆರಳುಗಳು ಬಗ್ಗಿದ್ದು ಬಗ್ಗಿದಂತೆಯೇ ಉಳಿದಿದ್ದವು. ಹೆಸರು ಅಲ್ಲಿಂದಲೇ ಬಂದದ್ದು. ಅವನು ಟೀವಿಯ ಹಿಂದಿದ್ದ ಸೆಟ್‌ಟಾಪ್ ಬಾಕ್ಸನ್ನು ತಿರುಗಿಸಿ ನೋಡಿದ. ತಂತಿ ಸಿಕ್ಕಿಸುವ ಮೂತಿ ಮುರಿದಿತ್ತು.

"ಯಾರೋ ಎಳೆದವ್ರೆ ಯಜಮಾನ್ರೆ."

ಎಳೆದವರು ಯಜಮಾನರೇ. ಹಿಂದಿನ ದಿನ ಕ್ರಿಕೆಟ್ಟಿನಲ್ಲಿ ತಮ್ಮವರು ಸೋತರೆಂದು. ಆ ವಿಷಯ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಆಡಲಿಲ್ಲ.

"ಬೇರೆ ಬಾಕ್ಸ್ ಇದ್ರೆ ಕೊಡಿ, ಹಾಕ್ತೀನಿ."

"ಬೇರೆ ಬಾಕ್ಸಂತೆ. ನಿಮ್ಮಪ್ಪ ಇಟ್ಟು ಹೋಗಿದ್ದಾನಾ?"

ಬರೀ ತಂತಿಯ ಕಾಲ ಮುಗಿಯಿತು, ಇನ್ನು ಮನೆಮನೆಗೂ ಬಾಕ್ಸ್ ಇರಲೇಬೇಕು ಎಂದು ಸರ್ಕಾರದ ಹೊಸ ಕಾನೂನು ಬಂದಿತ್ತು. ಊರಿಗೆಲ್ಲ ಹಂಚಿ ಆಯಿತೆಂದು ಯಜಮಾನರು ಮೇಲಿನವರಿಗೆ ತಿಳಿಸಿಯೂ ಆಗಿತ್ತು. ಬಂದಿದ್ದ ಬಾಕ್ಸ್ ಮಾತ್ರ ಇದೊಂದೇ. ಅದನ್ನು ಕಣ್ಣಾರೆ ಕಂಡು ಊರನ್ನೆಲ್ಲ ಕಂಡಂತೆ ಮಾಡಿ ಹೋಗಲು ಇಲಾಖೆಯ ಸಾಹೇಬರು ಬರುವವರಿದ್ದರು.

"ಒತ್ತಿ ಹಿಡ್ಕೊಂಡ್ರೆ ಬರ್ತದೆ. ಬಿಟ್ರೆ ಹೋಗ್ತದೆ."

"ಹಂಗಾದ್ರೆ ಒತ್ತಿ ಹಿಡ್ಕೊ. ನಿನಗೇನು ಹೊಸದಾ?"

ಹೊಸದಾಗಿರಲಿಲ್ಲ. ಹಳೆಯ ತಂತಿಯ ಕಾಲದಲ್ಲಿ ಚಿತ್ರ ಮಸುಕಾದಾಗಲೆಲ್ಲ ಕೊಕ್ಕೆ ತಂತಿಯ ತುದಿಯನ್ನು ಬೆರಳಲ್ಲಿ ಹಿಡಿದರೆ ಒಂದಿಷ್ಟು ತಿಳಿಯಾಗುತ್ತಿತ್ತು. ದೊಡ್ಡ ಪಂದ್ಯವಿದ್ದ ದಿನ ಮನೆಯವರು ಸೋಫಾದ ಮೇಲೂ ಕೊಕ್ಕೆ ಟೀವಿಯ ಹಿಂದೂ ಇರುವುದು ಈ ಮನೆಯ ಪದ್ಧತಿ. ಯಾರು ಗೆದ್ದರೆಂಬುದನ್ನು ಅವನು ಕೂಗಿನಿಂದಲೇ ತಿಳಿಯುತ್ತಿದ್ದ. ಟೀವಿಯ ಬೆನ್ನಿನ ಧೂಳು, ಸ್ಕ್ರೂ, ಬಿಸಿ ಎಲ್ಲ ಅವನಿಗೆ ಬಾಯಿಪಾಠ. ಅದರ ಮುಖದ ಪರಿಚಯ ಅಷ್ಟಕ್ಕಷ್ಟೆ.

ಅವನು ಅಲುಗಾಡಲಿಲ್ಲ. "ಯಜಮಾನ್ರೆ, ಕೋಣೆ ವಿಷಯ..."

ಕಚೇರಿಯ ಹಿಂದೆ ತಗಡಿನ ಚಾವಣಿಯ ಒಂದು ಕೋಣೆಯಿತ್ತು. ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆ ಹೋಗುವಂಥದ್ದು. ಬಾಕ್ಸ್ ಬಂದ ಮೇಲೆ ಲೈನಿನವರು ಬೇಡವಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗಿನಿಂದ ಅವನಿಗೂ ಹೆಂಡತಿಗೂ ಅದರದೇ ಚಿಂತೆ.

"ಇವತ್ತು ನನ್ನ ಮಾನ ಉಳಿಸು. ಕೋಣೆ ನಿನ್ನದೇ ಅಂದ್ಕೊ," ಎಂದರು ಯಜಮಾನರು. "ಉಸಿರು ಬಿಡೋ ಸದ್ದೂ ಕೇಳಬಾರದು."

ಕೊಕ್ಕೆ ಪಕ್ಕವಾಗಿ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ಗೋಡೆಗೂ ಟೀವಿಗೂ ನಡುವೆ ನುಸುಳಿದ. ದೊಡ್ಡಮ್ಮನವರು ಪರದೆಯ ಬಟ್ಟೆಯೊಂದನ್ನು ಎಳೆದು ಅವನ ಕಾಲು ಮುಚ್ಚಿದರು. "ನೆಲ ಒರೆಸಿದ್ದು ಈಗಷ್ಟೆ. ಕೊಳಕು ಕಾಲು ನೋಡು ಇವನದು."

ನೆಲ ಒರೆಸಿದವಳು ಕೊಕ್ಕೆಯ ಹೆಂಡತಿ. ಅಡುಗೆಮನೆಯ ಬಾಗಿಲಲ್ಲಿ ಲೋಟ ಜೋಡಿಸುತ್ತ ನಿಂತಿದ್ದಳು.

ಸಾಹೇಬರು ಬಂದರು, ಕೂತರು, ಬಿಸ್ಕತ್ತು ತಿಂದರು. ಟೀವಿಯಲ್ಲಿ ಮಂತ್ರಿಗಳು ಹೊಸ ಯುಗವನ್ನು ಉದ್ಘಾಟಿಸುತ್ತಿದ್ದರು. ಅವರ ಮೀಸೆಯ ಒಂದೊಂದು ಕೂದಲೂ ಕಾಣುತ್ತದೆಂದು ಸಾಹೇಬರು ಮೆಚ್ಚಿದರು.

"ನೋಡಿ, ಇದೇ ಟೆಕ್ನಾಲಜಿ. ಮನುಷ್ಯ ಕೈ ಹಾಕೋ ಹಾಗೇ ಇಲ್ಲ."

"ಹೌದು ಸಾರ್, ಹೌದು," ಎಂದರು ಯಜಮಾನರು.

ಕೊಕ್ಕೆಯ ಮೊಣಕೈ ಮರಗಟ್ಟಿತ್ತು. ಹೆಬ್ಬೆರಳಿನ ಉಗುರಿನ ಕೆಳಗೆ ಮುರಿದ ಮೂತಿಯ ಅಂಚು ಕೊರೆಯುತ್ತಿತ್ತು. ಬೆವರು ಮೂಗಿನ ತುದಿಗೆ ಬಂದು ನಿಂತರೂ ಒರೆಸಿಕೊಳ್ಳಲು ಕೈಯಿರಲಿಲ್ಲ.

"ಅಂದಹಾಗೆ, ಬಾಕ್ಸುಗಳಿಗೆಲ್ಲ ಚಿತ್ರ ಕಳಿಸೋ ದೊಡ್ಡ ಯಂತ್ರ ಬರುತ್ತಲ್ಲ, ಎಲ್ಲಿಡ್ತೀರಿ?"

"ಕಚೇರಿ ಹಿಂದುಗಡೆ ಒಂದು ತಗಡಿನ ಕೋಣೆ ಇದೆ ಸಾರ್. ಲೈನಿನವನೊಬ್ಬ ಸಂಸಾರ ಹೂಡಿದ್ದಾನೆ. ನಾಳೆ ಬೆಳಗ್ಗೆ ಸಾಮಾನು ಹೊರಗೆ ಎಸೆಸ್ತೀನಿ."

"ತಗಡಿನ ಚಾವಣಿನಾ? ಆಗಲ್ಲ ಸ್ವಾಮಿ. ಯಂತ್ರ ಬಲು ಸೂಕ್ಷ್ಮ, ಸೆಕೆ ತಡೆಯಲ್ಲ."

"ಎಸಿ ಹಾಕಿಸ್ತೀನಿ ಬಿಡಿ ಸಾರ್. ಚಾವಣಿನೂ ಬದಲಾಯಿಸಿದ್ರಾಯ್ತು."

ಹಿಂದೆ ನಿಂತವನನ್ನು ಅವರು ಅಡಗಿಸಿಟ್ಟಿರಲಿಲ್ಲ, ಮರೆತೇಬಿಟ್ಟಿದ್ದರು. ತಂತಿ, ಬಾಕ್ಸ್, ಕೊಕ್ಕೆ. ಮೂರರಲ್ಲಿ ಯಾವುದಕ್ಕೂ ಕಿವಿಯಿದೆಯೆಂದು ಅವರಿಗೆ ಹೊಳೆಯಲಿಲ್ಲ.

ಚಾ ತಂದ ಕೊಕ್ಕೆಯ ಹೆಂಡತಿ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಮಗಳ ಮೈತುಂಬ ಎದ್ದ ಬೆವರುಸಾಲೆ ತೋರಿಸಿ, ಆ ತಗಡಿನ ಕೆಳಗೆ ಒಂದು ಫ್ಯಾನಾದರೂ ಹಾಕಿಸಿಕೊಡಿ ಎಂದು ಅವಳು ಹೋದ ಬೇಸಿಗೆಯಲ್ಲಿ ಇದೇ ನಡುಮನೆಯಲ್ಲಿ ಕೇಳಿದ್ದಳು. ಮರದ ಕೆಳಗೆ ಮಲಗಿಸು, ಗಾಳಿ ಪುಕ್ಕಟೆ ಎಂದಿದ್ದರು ಯಜಮಾನರು, ಮನೆಯವರೆಲ್ಲ ನಕ್ಕಿದ್ದರು.

ಅವಳು ಟೀವಿಯ ಅಂಚಿನ ಸಂದಿಯತ್ತ ನೋಡಿದಳು. ಅಲ್ಲಿ ಗಂಡನ ಒಂದೇ ಕಣ್ಣು ಕಾಣುತ್ತಿತ್ತು.

"ಏನ್ ನೋಡ್ತೀಯೆ, ಚಾ ಕೊಡು," ಎಂದರು ದೊಡ್ಡಮ್ಮ.

"ಕೈ ನೋಯ್ತಿಲ್ವಾ ನಿಂಗೆ?" ಎಂದಳು ಹೆಂಡತಿ, ಟೀವಿಗೆ.

ಸಾಹೇಬರು ಬೆಚ್ಚಿ ಅವಳತ್ತ ತಿರುಗಿದರು. "ಯಾರನ್ನಮ್ಮ ಮಾತಾಡಿಸ್ತಿದ್ದೀಯ?"

ಕೊಕ್ಕೆ ಕೈ ಬಿಟ್ಟ.

ಹೊಸ ಯುಗದ ಕುರಿತು ಹೇಳುತ್ತಿದ್ದ ಮಂತ್ರಿಗಳು ಬಾಯಿ ತೆರೆದಂತೆಯೇ ನಿಂತರು. ಮೀಸೆ ಚೌಕಚೌಕವಾಗಿ ಒಡೆದು ಒಂದು ತುಂಡು ಹಣೆಗೆ, ಒಂದು ಕಿವಿಗೆ ಹೋಯಿತು.

"ಹಿಡ್ಕೊಳೋ! ಲೇ ಸೂಳೆಮಗನೆ, ಹಿಡ್ಕೊಳೋ!"

ಕೊಕ್ಕೆ ಬಂದ ಹಾಗೆಯೇ ಪಕ್ಕವಾಗಿ ಹೊರಗೆ ನುಸುಳಿದ. ಮೈತುಂಬ ಜೇಡರ ಬಲೆ. ಯಾರ ಮುಖವನ್ನೂ ನೋಡದೆ ನಡೆದು ಸಾಹೇಬರ ಪಕ್ಕ ಸೋಫಾದ ಮೇಲೆ ಕುಳಿತ. ಕೊಳಕು ಕಾಲನ್ನೂ ಮೇಲೆಳೆದುಕೊಂಡ.

"ಸ್ವಲ್ಪ ಸರೀರಿ ಸಾಹೇಬ್ರೆ," ಎಂದ. "ಈ ಕಡೆಯಿಂದ ಹೆಂಗ್ ಕಾಣ್ತದೆ ನೋಡ್ಬೇಕು."

ಹೆಂಡತಿ ತಟ್ಟೆಯಲ್ಲಿದ್ದ ಒಂದು ಲೋಟವನ್ನು ಅವನ ಕೈಗಿಟ್ಟಳು. ಬಗ್ಗಿದ ಬೆರಳಿಗೆ ಅದು ಸರಿಯಾಗಿ ಕೂತಿತು.

ಯಜಮಾನರು ಬೆಳಗಿನವರೆಗೂ ಕಾಯಲಿಲ್ಲ. ಅಂದೇ ಸಂಜೆ ಅವರ ಸಾಮಾನು ರಸ್ತೆಗೆ ಬಿತ್ತು. ಅವನು ಕಂಬ ಹತ್ತುತ್ತಿದ್ದ ಏಣಿಯನ್ನು, ಅದು ಕಂಪನಿಯದೆಂದು, ಕಸಿದುಕೊಂಡರು.