ಮಾವ ಕಲಿಸದೇ ಬಿಟ್ಟ ಬಿಲ್ಲುಗೆಲಸ

ಅನಿಸೆತೊ ಮಾಡಿದ ಬಿಲ್ಲು ಎರಡನೇ ವರ್ಷದ ತೆಂಕಣ ಗಾಳಿಗೆ ಮುರಿದೇ ಮುರಿಯುತ್ತದೆ ಎಂಬುದು ಮನಿಕಿ ನದಿಯ ಆ ದಂಡೆಯ ಹನ್ನೊಂದು ಮನೆಗಳಿಗೂ ಗೊತ್ತಿದ್ದ ಸಂಗತಿ. ಹೊಸತರಲ್ಲಿ ಅವನ ಬಿಲ್ಲು ನೋಡಲು ಬಲು ಚೆಂದ. ಆಳಿಗಿಂತ ಒಂದು ಗೇಣು ಎತ್ತರ, ಮಿರಮಿರ ಮಿಂಚುವ ಕರಿ ಚೊಂಟಾ ತಾಳೆಯ ಮೈ, ಎರಡೂ ತುದಿ ಒಂದೇ ಹದಕ್ಕೆ ಸಣ್ಣಗಾಗುತ್ತ ಹೋಗಿರುತ್ತಿದ್ದವು. ಗೊತ್ತಿಲ್ಲದವರು ಕೈಗೆ ತೆಗೆದುಕೊಂಡರೆ "ಇದು ತೊರಿಬಿಯೊನದೇ" ಅಂದುಬಿಡುತ್ತಿದ್ದರು. ಮೊದಲ ವರ್ಷ ಅದರ ಬಾಣ ಕಾಡುಹಂದಿಯ ಪಕ್ಕೆಯೊಳಗೆ ಹೊಕ್ಕು ಆಚೆ ಬರುತ್ತಿತ್ತು. ಮರುವರ್ಷ ಬಿಲ್ಲು ಬೆನ್ನು ಬಾಗಿಸಿಕೊಂಡು ಸೋಮಾರಿಯಾಗುತ್ತಿತ್ತು. ದಕ್ಷಿಣದಿಂದ ಚಳಿಗಾಳಿ ನುಗ್ಗಿದ ಯಾವುದೋ ಬೆಳಗ್ಗೆ ಟಪ್ಪೆಂದು ಎರಡಾಗುತ್ತಿತ್ತು.

"ಅನಿಸೆತೊ, ನಿನ್ನ ಬಿಲ್ಲಿಗಿಂತ ನನ್ನ ಹೆಂಡ್ತಿ ಸಿಟ್ಟೇ ಜಾಸ್ತಿ ಬಾಳಿಕೆ ಬರುತ್ತೆ ಕಣೋ" ಎಂದು ಮೀನು ಹಿಡಿಯುವಲ್ಲಿ ಯಾರಾದರೂ ಚುಚ್ಚುತ್ತಿದ್ದರು. ಅನಿಸೆತೊ ಎಲ್ಲರೊಂದಿಗೆ ತಾನೂ ನಗುತ್ತಿದ್ದ.

ತೊರಿಬಿಯೊ ಅವನ ತಾಯಿಯ ಅಣ್ಣ, ಹೆಣ್ಣು ಕೊಟ್ಟ ಮಾವ, ಬಿಲ್ಲು ಕಲಿಸಿದ ಗುರು, ಮೂರೂ ಒಬ್ಬನೇ. ಹದಿನಾಲ್ಕು ವರ್ಷದ ಹಿಂದೆ, ದೋಣಿಯಲ್ಲಿ ಒಂದು ದಿನದಷ್ಟು ಕೆಳಗಿನ ಊರಿನಿಂದ ಅನಿಸೆತೊ ಫೆರ್ಮಿನಾಳನ್ನು ಕಟ್ಟಿಕೊಳ್ಳಲು ಬಂದಿದ್ದ. ಮದುವೆಯಾದ ಗಂಡು ಎರಡು ಮೂರು ವರ್ಷ ಅತ್ತೆಮನೆಯಲ್ಲಿ ದುಡಿದು, ತನ್ನ ಬೇಟೆ ತಾನು ಮಾಡಬಲ್ಲೆ ಎಂದು ತೋರಿಸಿ, ಆಮೇಲೆ ಹೆಂಡತಿಯೊಂದಿಗೆ ತನಗೆ ಬೇಕಾದ ದಂಡೆಗೆ ಹೋಗುವುದು ಅವರಲ್ಲಿ ನಡೆದು ಬಂದದ್ದು. ಅನಿಸೆತೊ ಹೋಗಲಿಲ್ಲ. "ಸ್ವಂತ ಬಿಲ್ಲು ನಿಲ್ಲದವನು ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ತೀಯಪ್ಪಾ" ಎಂದು ತೊರಿಬಿಯೊ ಮೆಲ್ಲಗೆ ಕೇಳುತ್ತಿದ್ದ. ಅದು ನ್ಯಾಯವೇ ಅನ್ನಿಸುತ್ತಿತ್ತು. ಊರಲ್ಲಿ ಒಂದು ಬಂದೂಕೇನೋ ಇತ್ತು. ಅದಕ್ಕೆ ತೋಟೆ ಮಾತ್ರ ಇರುತ್ತಿರಲಿಲ್ಲ.

ಕಲಿಸುವುದರಲ್ಲಿ ತೊರಿಬಿಯೊ ಜಿಪುಣನಂತೆ ಕಾಣುತ್ತಿರಲಿಲ್ಲ. ಬೆಟ್ಟದ ಬುಡದಲ್ಲಿ ಎಂಥ ತಾಳೆ ಆರಿಸಬೇಕು, ಕಾಂಡದ ಸುತ್ತ ಇರುವ ಬೆರಳುದ್ದದ ಮುಳ್ಳನ್ನು ಮಚ್ಚಿನ ಬೆನ್ನಿನಿಂದ ಹೇಗೆ ಸವರಬೇಕು, ಬೆಣೆ ಹೊಡೆದು ಉದ್ದಕ್ಕೆ ಹೇಗೆ ಸೀಳಬೇಕು, ಒಳಗಿನ ಬೆಂಡು ಎಸೆದು ಹೊರಗಿನ ಎರಡು ಬೆರಳು ದಪ್ಪದ ಕರಿಮರ ಹೇಗೆ ಉಳಿಸಿಕೊಳ್ಳಬೇಕು, ಎಲ್ಲವನ್ನೂ ಕೈ ಹಿಡಿದು ತೋರಿಸಿದ. ಸೀಳನ್ನು ನೆರಳಲ್ಲಿ ಇಪ್ಪತ್ತು ದಿನ ಆರಿಸು, ಮಚ್ಚಿನಿಂದ ಒರಟು ತೆಗೆ, ಬಸವನಹುಳುವಿನ ಚಿಪ್ಪಿನ ಅಂಚಿನಿಂದ ಹೆರೆ, ನಡುನಡುವೆ ಮೊಣಕಾಲಿಗೆ ಒತ್ತಿ ಎರಡು ಕಡೆಯೂ ಒಂದೇ ಸಮ ಬಾಗುತ್ತದೋ ನೋಡು. ತೊಗಟೆಯ ನಾರನ್ನು ತೊಡೆಯ ಮೇಲೆ ಹೊಸೆದು ಹೆದೆ ಮಾಡುವುದನ್ನೂ ಕಲಿಸಿದ. ಮಾವ ಅಳಿಯ ಇಬ್ಬರೂ ಸೇರಿ ಒಂದೇ ಮರ ಕಡಿದು, ಸೀಳುಗಳನ್ನು ಸಮ ಹಂಚಿಕೊಳ್ಳುತ್ತಿದ್ದರು. ಒಂದೇ ಮರದಿಂದ ಮಾಡಿದ ಮಾವನ ಬಿಲ್ಲು ಹತ್ತು ವರ್ಷ ಬಾಳುತ್ತಿತ್ತು. ಅಳಿಯನದು ಮುರಿಯುತ್ತಿತ್ತು.

ಹತ್ತು ವರ್ಷದ ಹಿಂದೆ ಅನಿಸೆತೊ ತನ್ನ ತಮ್ಮ ಲಿನೊಗೆ ಒಂದು ಬಿಲ್ಲು ಮಾಡಿಕೊಟ್ಟಿದ್ದ. ಲಿನೊಗೆ ಆಗ ಹತ್ತೊಂಬತ್ತು. ಮರುವರ್ಷ ಅಣ್ಣನನ್ನು ನೋಡಲು ಬಂದವನು, ಚಳಿಗಾಳಿ ಬೀಸುತ್ತಿದ್ದ ಒಂದು ಬೆಳಗ್ಗೆ, ಅತ್ತಿಮರದಲ್ಲಿದ್ದ ಕೋತಿಗೆ ಗುರಿಯಿಟ್ಟು ಹೆದೆಯನ್ನು ಕಿವಿಯವರೆಗೆ ಎಳೆದ. ಮೇಲಿನ ತೋಳು ಮುರಿಯಿತು. ಸಿಬಿರೊಂದು ಎಡಗಣ್ಣಿಗೆ ಹೊಕ್ಕಿತು. ಪಕ್ಕದಲ್ಲೇ ನಿಂತಿದ್ದ ಅನಿಸೆತೊ ತಮ್ಮನನ್ನು ಬೆನ್ನ ಮೇಲೆ ಹೊತ್ತು ತಂದ. ಸೊಪ್ಪು ಅರೆದು ಕಟ್ಟಿದವನು ತೊರಿಬಿಯೊ. ಕಣ್ಣು ಉಳಿಯಲಿಲ್ಲ.

ಅಂದು ಸಂಜೆ ಮಾವ ಅಳಿಯನ ಎರಡೂ ಅಂಗೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. "ನಿಂದು ಬಿಸಿ ಕೈ ಕಣಪ್ಪಾ. ಕೆಲವರಿಗೆ ಹುಟ್ಟಿನಿಂದ ಹಂಗಿರುತ್ತೆ. ಕೆಲಸದಲ್ಲಿ ತಪ್ಪಿಲ್ಲ. ಮರ ನಿನ್ನ ಕೈ ತಡಕೊಳ್ಳಲ್ಲ, ಅಷ್ಟೆ" ಅಂದ.

ಅಂದಿನಿಂದ ಅನಿಸೆತೊ ಬೇರೆಯವರಿಗೆ ಬಿಲ್ಲು ಮಾಡುವುದನ್ನು ಬಿಟ್ಟ. ತನ್ನ ಬಿಲ್ಲಿನ ಕೆಲಸಕ್ಕೆ ಕೂರುವ ದಿನ ಮೊದಲು ನದಿಗೆ ಹೋಗಿ, ಮೊಣಕೈವರೆಗೂ ನೀರಲ್ಲಿ ಇಳಿಬಿಟ್ಟು, ಬೆರಳು ಜೋಮು ಹಿಡಿಯುವ ತನಕ ಕೂರುತ್ತಿದ್ದ. ಫೆರ್ಮಿನಾ ಪಕ್ಕದಲ್ಲೇ ಮರಗೆಣಸು ತೊಳೆಯುತ್ತಿದ್ದಳು. ಒಂಬತ್ತು ವರ್ಷ ಹಾಗೆ ಕೂತ. ಒಂಬತ್ತು ವರ್ಷ ಅವಳು ನೋಡಿದಳು.

ಈ ವರ್ಷ ಮಳೆ ನಿಲ್ಲುವ ಹೊತ್ತಿಗೆ ಅಡುಗೆ ಗುಡಿಸಲು ಸೋರತೊಡಗಿತು. ತೊರಿಬಿಯೊ ಉಪ್ಪು ಸೋಪು ತರಲು ಸಾನ್ ಬೋರ್ಹಾ ಪೇಟೆಗೆ ಹೋಗಿದ್ದ. ಫೆರ್ಮಿನಾ ಹೊಲಕ್ಕೆ ಹೊರಡುತ್ತಿದ್ದಳು.

"ನಾಲ್ಕು ತಟ್ಟಿ ಎಲೆ ಹೊದಿಸಿಬಿಡ್ತೀನಿ" ಅಂದ ಅನಿಸೆತೊ.

"ಬೇಡ, ಅಪ್ಪ ಬರಲಿ."

"ಸೋರೋದು ನಿನ್ನಪ್ಪ ಬರೋ ತನಕ ಕಾಯುತ್ತಾ?"

"ಅವನಿಗೆ ಅಡುಗೆ ಮನೆ ಮುಟ್ಟಿದ್ರೆ ಆಗಲ್ಲ, ನಿಂಗೇ ಗೊತ್ತಲ್ಲ. ಸುಮ್ನಿರು." ಹೇಳಿ ಅವಳು ಬುಟ್ಟಿ ಹೊತ್ತು ಹೋದಳು.

ಅವನು ಹತ್ತಿದ. ಹಳೇ ತಟ್ಟಿ ಕಿತ್ತು, ಒಳಗೆ ತಲೆ ಹಾಕಿದರೆ ಒಲೆಯ ನೇರಕ್ಕೆ ಸಾಲಾಗಿ ಜಂತೆಗಳು. ಮಸಿ ಮೆತ್ತಿಕೊಂಡು, ಇಲ್ಲಣ ಜೋತುಬಿದ್ದು ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಆಧಾರಕ್ಕೆಂದು ಒಂದನ್ನು ಹಿಡಿದ. ಅದು ಕೈಯೊಂದಿಗೇ ಬಂತು. ಎಲ್ಲಿಗೂ ಕಟ್ಟಿರಲಿಲ್ಲ. ಪಕ್ಕದ್ದೂ ಕಟ್ಟಿರಲಿಲ್ಲ. ಅಂಥವು ಆರು ಇದ್ದವು, ಸುಮ್ಮನೆ ಅಡ್ಡ ಮಲಗಿಸಿದ್ದು. ಒಂದನ್ನು ಕೆಳಗಿಳಿಸಿ ಬಾಳೆಲೆಯಿಂದ ಒರೆಸಿದ. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಉಬ್ಬು, ತುದಿಗಳು ಒರಟಾಗಿ ಸಣ್ಣಗಾಗಿದ್ದವು. ಚೊಂಟಾ. ಬೆರಳ ಗೆಣ್ಣಿನಿಂದ ತಟ್ಟಿದ. ಕಬ್ಬಿಣದ ಹಾಗೆ ಠಣ್ ಅಂದಿತು. ಅವನ ಸೀಳುಗಳು ಯಾವತ್ತೂ ಹಾಗೆ ಸದ್ದು ಮಾಡಿದ್ದಿಲ್ಲ.

ಪ್ರತಿ ಸಲ ಮರ ಸೀಳಿದಾಗಲೂ ಮಾವ ತನ್ನ ಪಾಲನ್ನು ಹೊತ್ತುಕೊಂಡು ಮೊದಲು ಮನೆಗೆ ಹೋಗುತ್ತಿದ್ದ. ಇಪ್ಪತ್ತು ದಿನ ಕಳೆದ ಮೇಲೆ ಮರಳದಿಣ್ಣೆಯಲ್ಲಿ ಒಬ್ಬನೇ ಕೂತು ಹೆರೆಯಲು ಶುರು ಮಾಡಿರುತ್ತಿದ್ದ. ಆ ಹೊತ್ತಿಗೆ ಸೀಳಿನ ಮೇಲೆ ಮಸಿಯ ಗುರುತೂ ಇರುತ್ತಿರಲಿಲ್ಲ. ಹಸಿಯದು ಸೂರು ಸೇರುತ್ತಿತ್ತು, ಹಳೆಯದು ಇಳಿಯುತ್ತಿತ್ತು. ಅನಿಸೆತೊ ಅದನ್ನೇ ತನ್ನ ಜೊತೆ ಕಡಿದ ಮರವೆಂದು ನಂಬಿದ್ದ.

ಮಧ್ಯಾಹ್ನ ಫೆರ್ಮಿನಾ ಬಂದಳು. ಅಂಗಳದಲ್ಲಿ ಸಾಲಾಗಿ ಮಲಗಿಸಿದ್ದ ಆರು ಸೀಳು, ಪಕ್ಕದಲ್ಲಿ ಮಸಿ ಬಳಿದುಕೊಂಡ ಗಂಡ. ಇದೇನು ಎಂದು ಅವಳು ಕೇಳಲಿಲ್ಲ. ಬುಟ್ಟಿ ಇಳಿಸಿ ಅಲ್ಲೇ ಕೂತುಬಿಟ್ಟಳು. ಕೇಳದೇ ಹೋದದ್ದರಿಂದಲೇ ಅನಿಸೆತೊಗೆ ತಿಳಿಯಿತು.

"ನಿಂಗೆ ಗೊತ್ತಿತ್ತು."

ಅವಳು ಹೌದೆಂದು ತಲೆಯಾಡಿಸಿದಳು. "ಚಿಕ್ಕೋಳಿದ್ದಾಗಿಂದ ಒಲೆ ಆರದ ಹಂಗೆ ನೋಡ್ಕೊಳ್ಳೋ ಕೆಲಸ ನಂದೇ."

"ನಾನು ಪ್ರತಿ ಸಲ ನೀರಲ್ಲಿ ಕೈ ಇಟ್ಕೊಂಡು ಕೂರ್ತಿದ್ದೆ ಫೆರ್ಮಿನಾ. ನೀನು ಪಕ್ಕದಲ್ಲೇ ಇದ್ದೆ."

"ಅವ್ವನಿಗೆ ಕಾಲು ಬಿದ್ದು ಹೋಗಿತ್ತು. ನೀನು ನನ್ನ ಕರ್ಕೊಂಡು ಹೊರಟುಬಿಟ್ರೆ ಅವಳನ್ನ ಎತ್ತಿ ಕೂರಿಸೋರು ಯಾರು? ಹೇಳಬೇಡ ಅಂದ ಅಪ್ಪ. ನಾನು ಹೇಳಲಿಲ್ಲ."

"ಅವ್ವ ಸತ್ತು ನಾಲ್ಕು ವರ್ಷ ಆಯ್ತು."

"ಅಷ್ಟೊತ್ತಿಗೆ ಅದು ಹಳೇದಾಗಿಬಿಟ್ಟಿತ್ತು. ಏನಂತ ಬಾಯಿ ತೆಗೀಲಿ?" ಅವಳು ಹರಕು ಅಂಗಿಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ದಿನಾ ಇವತ್ತು ಹೇಳ್ತೀನಿ ಅನ್ಕೋತಿದ್ದೆ."

ಮರುದಿನ ಮಧ್ಯಾಹ್ನ ತೊರಿಬಿಯೊನ ದೋಣಿ ಬಂದಾಗ ಸೀಳುಗಳು ಇನ್ನೂ ಅಂಗಳದಲ್ಲೇ ಇದ್ದವು. ಅಕ್ಕಪಕ್ಕದವರು ಏನೋ ನೆಪ ಹೇಳಿಕೊಂಡು ಬಂದು ನಿಂತಿದ್ದರು. ಮುದುಕ ಉಪ್ಪಿನ ಚೀಲ ಕೆಳಗಿಟ್ಟ.

"ಮಾವ, ಇವೇನು?"

"ಜಂತೆ."

"ಜಂತೆಗೆ ಬಿಲ್ಲಿನ ಹಂಗೆ ಹೊಟ್ಟೆ ಬೆನ್ನು ಯಾಕೆ ಕೆತ್ತಿದೀಯಾ?"

ತೊರಿಬಿಯೊ ಸುತ್ತ ನಿಂತವರನ್ನೊಮ್ಮೆ ನೋಡಿ, ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಕೂತ. "ಸೋರಿದ್ರೆ ಒಂದು ಪಾತ್ರೆ ಇಟ್ಟಿದ್ರೆ ಆಗ್ತಿತ್ತು" ಅಂದ.

"ಎಷ್ಟು ದಿನ ಹೊಗೇಲಿ ಇಡ್ತೀಯಾ?"

"ಒಂದು ಬೇಸಿಗೆ, ಒಂದು ಮಳೆ. ಹೊಗೆ ಒಳಗೆ ಇಳೀಬೇಕು. ಇಳಿದ್ರೆ ಯಾವ ಚಳಿಗೂ ಅಲ್ಲಾಡಲ್ಲ." ಹೇಳುವಾಗ ಅವನ ದನಿಯಲ್ಲಿ ಕಸುಬುದಾರನ ಹೆಮ್ಮೆ ಇಣುಕಿತು. ಅದು ಅನಿಸೆತೊಗೆ ಎಲ್ಲಕ್ಕಿಂತ ಜೋರಾಗಿ ತಾಗಿತು.

"ನಂಗೆ ಇಪ್ಪತ್ತು ದಿನ ನೆರಳು ಅಂದಿದ್ದೆ."

"ಹೂಂ."

"ಬಿಸಿ ಕೈ ಅಂದಿದ್ದೆ."

ಮುದುಕ ಹೇಳಿದ: "ನೀನು ಬಂದ ವರ್ಷವೇ ನಿನ್ನ ಕೈ ನೋಡ್ದೆ. ನನಗಿಂತ ಒಳ್ಳೆ ಕೈ. ಎಲ್ಲ ಹೇಳಿಕೊಟ್ಟಿದ್ರೆ ಎರಡೇ ವರ್ಷಕ್ಕೆ ನಿನ್ನ ದಾರಿ ಹಿಡೀತಿದ್ದೆ. ನಂಗೆ ಇದ್ದದ್ದು ಒಬ್ಬಳೇ ಮಗಳು. ಹಾಸಿಗೆ ಹಿಡಿದ ಹೆಂಡ್ತಿ. ಏನ್ಮಾಡ್ಲಿ?"

"ಇರು ಅಂತ ಕೇಳಬಹುದಿತ್ತು."

"ಕೇಳಿದ್ರೆ ಇರ್ತಿದ್ದಾ?"

"ಕೇಳಿದ್ರೆ ಗೊತ್ತಾಗ್ತಿತ್ತು." ಅನಿಸೆತೊ ಒಂದು ಹೆಜ್ಜೆ ಮುಂದೆ ಬಂದ. "ಲಿನೊನ ಕಣ್ಣು, ಮಾವ?"

"ಮುರಿಯುತ್ತೆ ಅಂತ ಗೊತ್ತಿತ್ತು. ಕಣ್ಣಿಗೆ ಬಡಿಯುತ್ತೆ ಅಂತ ಯಾರಿಗೆ ಗೊತ್ತು?"

"ಬಡಿದ ಮೇಲೆ ಗೊತ್ತಿತ್ತಲ್ಲ. ಅವತ್ತೇ ಅಲ್ವಾ ನೀನು ನನ್ನ ಕೈ ಹಿಡಕೊಂಡು ಆ ಮಾತು ಹೇಳಿದ್ದು?"

ಅನಿಸೆತೊ ಬಾಗಿ ಕೊಡಲಿ ಎತ್ತಿಕೊಂಡ. ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ಫೆರ್ಮಿನಾ "ಅಯ್ಯೋ" ಅಂದಳು. ಅವನು ಕೊಡಲಿಯನ್ನು ಹೆಗಲಿಗೇರಿಸಿ, ಮಚ್ಚು ಸೊಂಟಕ್ಕೆ ಕಟ್ಟಿ, ಮಕ್ಕಳಿಬ್ಬರ ತಲೆ ಸವರಿ, ದೋಣಿಯ ಕಡೆ ನಡೆದ. ಸೀಳುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ.

ಕೆಳಗಿನ ಊರಿನಲ್ಲಿ ಲಿನೊ ದಡದಲ್ಲಿ ಕೂತು ಮೀನಿನ ಬುಟ್ಟಿ ಹೆಣೆಯುತ್ತಿದ್ದ. ಹೆಂಡತಿ, ನಾಲ್ಕು ಮಕ್ಕಳು, ಗಾಳ, ಬಲೆ. ಬಿಲ್ಲಿಲ್ಲದೇ ಬದುಕು ಕಟ್ಟಿಕೊಂಡಿದ್ದ. ಅಣ್ಣ ಹೇಳಿದ್ದನ್ನೆಲ್ಲ ಕೇಳಿ ಬುಟ್ಟಿ ಕೆಳಗಿಟ್ಟ.

"ಹಂಗಾದ್ರೆ ನಿನ್ನ ಕೈದೇನೂ ಅಲ್ಲ."

"ಅಲ್ಲ."

"ಹದಿನಾಲ್ಕು ವರ್ಷ ಆ ಒಲೆ ಪಕ್ಕದಲ್ಲೇ ಇದ್ದೆಯಲ್ಲೋ. ಒಂದು ದಿನವೂ ಕತ್ತೆತ್ತಿ ಮೇಲೆ ನೋಡಲಿಲ್ವಾ?"

ಅನಿಸೆತೊ ದೋಣಿಯಲ್ಲಿ ಬರುವಾಗ ತನ್ನನ್ನೇ ತಾನು ನೂರು ಸಲ ಅದನ್ನೇ ಕೇಳಿಕೊಂಡಿದ್ದ. ಸ್ವಂತ ಸೋದರಮಾವನ ಸೂರನ್ನು ಯಾರು ತಡಕಿ ನೋಡುತ್ತಾರೆ?

ಲಿನೊ ಒಂದು ಕಲ್ಲೆತ್ತಿ ನೀರಿಗೆ ಬೀಸಿದ. "ಕಣ್ಣು ಹೋಯ್ತು, ಇನ್ನೊಂದಿದೆ, ನಡೀತಿದೆ. ಒಂಬತ್ತು ವರ್ಷ ನೀನು ಬಂದಾಗಲೆಲ್ಲ ನನ್ನ ಮುಖ ನೋಡದೆ ನೆಲ ನೋಡ್ತಾ ಮಾತಾಡ್ದೆ ನೋಡು, ಅದಕ್ಕೆ ನಂಗೆ ಹೊಟ್ಟೆ ಉರೀತಿತ್ತು. ಅಣ್ಣನ್ನೂ ಆ ಮುದುಕನೇ ಕಿತ್ಕೊಂಡ." ಆಮೇಲೆ ಒಳಗೆ ಕೂಗಿದ, "ಏನೇ, ಅಣ್ಣ ಬಂದಿದಾನೆ, ಒಂದು ಬುರುಡೆ ಶೋಕ್‌ದ್ಯೆ ತಾ." ಮರಗೆಣಸಿನ ಹುಳಿ ಪಾನೀಯದ ಬುರುಡೆಯನ್ನು ಅಣ್ಣ ತಮ್ಮ ಒಬ್ಬರ ಕೈಯಿಂದೊಬ್ಬರು ತೆಗೆದುಕೊಂಡು ಕುಡಿದರು. ಅನಿಸೆತೊ ತಮ್ಮನ ಮುಖ ನೋಡಿಯೇ ಕುಡಿದ. ಕಣ್ಣಿದ್ದ ಕಡೆ ಚರ್ಮ ಹೇಗೆ ಮಡಚಿಕೊಂಡಿದೆ ಎಂದು ಅವನಿಗೆ ಸರಿಯಾಗಿ ಗೊತ್ತೇ ಇರಲಿಲ್ಲ.

ಅದೇ ವಾರ ಅಣ್ಣ ತಮ್ಮ ಬೆಟ್ಟದ ಬುಡಕ್ಕೆ ಹೋಗಿ ತಾಳೆ ಕಡಿದರು. ಎಂಟು ಸೀಳು ಬಂದವು. ಲಿನೊನ ಒಲೆಯ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ ತೂಗುಹಾಕಿದರು.

ಒಂದು ತಿಂಗಳಾದ ಮೇಲೆ ಫೆರ್ಮಿನಾ ಮಕ್ಕಳನ್ನು ಕರೆದುಕೊಂಡು ಬಂದಳು. "ಕರೀತೀಯಾ ಅಂತ ಕಾದೆ" ಅಂದಳು.

"ಕರೀಬೇಕು ಅನ್ನಿಸಲಿಲ್ಲ."

"ಅಪ್ಪನ್ನ ಒಬ್ಬನ್ನೇ ಬಿಟ್ಟು ಬಂದಿದೀನಿ."

ಅವನು ಮಕ್ಕಳಿಗೆ ಸುಟ್ಟ ಮೀನು ಕೊಟ್ಟ. ಅವಳಿಗೂ ಒಂದು ಎಲೆ ಹಾಕಿದ. ಮನೆಯೊಳಗೆ ಅವಳ ಗಂಟು ಎಲ್ಲಿಡಬೇಕೆಂದು ಲಿನೊನ ಹೆಂಡತಿ ತೋರಿಸಿದಳು.

ಮುಂದಿನ ವರ್ಷ ಮಳೆ ಮುಗಿದ ಮೇಲೆ ಅನಿಸೆತೊ ಮೊದಲ ಸೀಳು ಇಳಿಸಿದ. ನದಿಗೆ ಹೋಗಲಿಲ್ಲ. ಒಣಗಿದ ಬೆಚ್ಚನೆ ಕೈಯಲ್ಲೇ ಹೆರೆದ. ಮರ ಗಟ್ಟಿಯಾಗಿತ್ತು, ಹಿಂದೆ ನಾಲ್ಕು ದಿನಕ್ಕೆ ಮುಗಿಯುತ್ತಿದ್ದ ಕೆಲಸ ಹನ್ನೊಂದು ದಿನ ಹಿಡಿಯಿತು. ಆ ವರ್ಷದ ತೆಂಕಣ ಗಾಳಿ ಬಂದು ಹೋಯಿತು. ಅದರ ಮರುವರ್ಷದ್ದೂ ಬಂತು. ಮೂರು ದಿನ ಮಕ್ಕಳು ಒಲೆ ಬಿಟ್ಟು ಏಳದಂಥ ಚಳಿಯಲ್ಲಿ ಅವನು ದಂಡೆಗೆ ಹೋಗಿ ಹೆದೆಯನ್ನು ಕಿವಿಯವರೆಗೆ ಎಳೆದು ಹಿಡಿದ. ಬಿಲ್ಲು ಮಿಸುಕಲಿಲ್ಲ. ಸಂತೋಷವಾಗುತ್ತದೆ ಅಂದುಕೊಂಡಿದ್ದ. ಬಂದದ್ದು ಸಿಟ್ಟು. ಇಷ್ಟೇನಾ? ಒಲೆಯ ಮೇಲೆ ಒಂದು ವರ್ಷ ಇಡು ಎಂಬ ಒಂದೇ ಮಾತು. ಅಷ್ಟು ಸಣ್ಣ ಮಾತಿಗೆ ತನ್ನ ಇಷ್ಟು ವರ್ಷ ಹೋದವು.

ಕಲಿಯಲು ಬಂದವರಿಗೆ ಅವನು ಮರ ತೋರಿಸುವುದಕ್ಕೂ ಮೊದಲು ಹೊಗೆಯ ಮಾತು ಹೇಳುತ್ತಿದ್ದ. ಎದ್ದು ಹೋಗುವಾಗ ಇನ್ನೊಮ್ಮೆ ಹೇಳುತ್ತಿದ್ದ.

ಅದೇ ಬೇಸಿಗೆಯಲ್ಲಿ ಮೇಲಿನ ದಂಡೆಯಿಂದ ಬಂದ ಒಬ್ಬ ನೆಂಟ ಸುದ್ದಿ ತಂದ: ತೊರಿಬಿಯೊಗೆ ಕಣ್ಣು ಮಂಜಾಗಿದೆ, ಬಿಲ್ಲಿನ ಅಂಚು ಕಾಣುತ್ತಿಲ್ಲ, ಅಳಿಯ ಬಂದು ಮನೆ ನೋಡಿಕೊಳ್ಳಲಿ ಅನ್ನುತ್ತಿದ್ದಾನೆ.

"ಈಗ ಕೇಳ್ತಿದಾನಾ?" ಅಂದ ಅನಿಸೆತೊ. ಫೆರ್ಮಿನಾ ಅವನ ಮುಖವನ್ನೇ ನೋಡುತ್ತಿದ್ದಳು. "ನೀನು ಹೋಗು. ಅವನು ನಿನ್ನಪ್ಪ. ಇಲ್ಲಿಗೆ ಕರ್ಕೊಂಡು ಬರ್ತೀನಿ ಅಂದ್ರೂ ಬೇಡ ಅನ್ನಲ್ಲ, ಲಿನೊ ಒಪ್ಪಿದ್ರೆ. ನಾನು ಮಾತ್ರ ಆ ಮನೆ ಮೆಟ್ಟಲ್ಲ."

ಲಿನೊ ಒಪ್ಪಲಿಲ್ಲ. ಅವಳೊಬ್ಬಳೇ ಹೋಗಿ ಇಪ್ಪತ್ತು ದಿನ ಇದ್ದು, ಅಪ್ಪನಿಗೆ ಸೌದೆ ಸೀಳಿಟ್ಟು, ನೆರೆಯವರಿಗೆ ಹೇಳಿ ವಾಪಸ್ ಬಂದಳು. ಬಂದ ದಿನ ಬಾಳೆಕಾಯಿ ಮೀನು ಬೇಯಿಸಿ ಗಂಡನ ಮುಂದಿಟ್ಟಳು.

"ಉಪ್ಪು ಹಾಕಿದೀನಿ" ಅಂದಳು.

ಅನಿಸೆತೊ ಹೂಂ ಅಂದ. ಆದರೂ ಬೆರಳದ್ದಿ ನಾಲಿಗೆಗಿಟ್ಟು ನೋಡಿದ. ಉಪ್ಪು ಸರಿಯಾಗಿತ್ತು. ತನ್ನ ಮಾತು ನಂಬದೆ ಅವನು ರುಚಿ ನೋಡಿದ್ದನ್ನು ಫೆರ್ಮಿನಾ ಕಂಡಳು. ಅವನು ತಲೆ ತಗ್ಗಿಸಿ ಉಣ್ಣತೊಡಗಿದ.